ಜೋಡಿ ಕಪ್ಪು ಚುಕ್ಕೆಗಳು

ನಮ್ಮ ಚಿಕ್ಕಮ್ಮನನ್ನು ಪ್ರಯೋಗಾಲಯದಲ್ಲಿ ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ಪರಮಾಣುಗಳ ಫೋಟೋ ನೋಡಿ ಖಾಲಿ ಮನೆಗಳನ್ನು ಗುರುತು ಹಾಕುವುದು. ಹಂಗಾಮಿ ಕೆಲಸ. ಈ ಸಲದ ಪ್ರಬಂಧ ಗೆದ್ದರೆ ಕಾಯಂ ಮಾಡಿಸುತ್ತೇನೆಂದು ಪ್ರೊಫೆಸರರು ಮಾತು ಕೊಟ್ಟಿದ್ದರು.

ಅಲ್ಲಿ ಲೇಸರ್ ಬೆಳಕಿನಿಂದ ಚದುರಂಗದ ಹಾಸಿನಂಥ ಮನೆಗಳನ್ನು ಮಾಡಿ, ಮನೆಗೊಂದು ಪರಮಾಣು ಕೂರಿಸುತ್ತಾರೆ. ಒಂದನ್ನು ಕಂಡರೆ ಒಂದಕ್ಕಾಗದು, ಹಾಗಾಗಿ ಎಲ್ಲ ಮನೆ ತುಂಬಿದರೆ ಯಾವುದೂ ಕದಲದು. ಕೆಲವನ್ನು ತೆಗೆದರೆ ಆಟ ಶುರು. ಖಾಲಿ ಮನೆ ಫೋಟೋದಲ್ಲಿ ಕಪ್ಪು ಚುಕ್ಕೆ. ಪಕ್ಕದ ಪರಮಾಣು ಅಲ್ಲಿಗೆ ಸರಿದರೆ ಚುಕ್ಕೆಯೂ ಜಾಗ ಬದಲಿಸುತ್ತದೆ. ಅದು ಓಡಾಡಿದ ಕಡೆಯೆಲ್ಲ ಉಳಿದವುಗಳ ಜೋಡಣೆ ಕೆಡುತ್ತದೆ. ಇಂಥ ಎರಡು ಚುಕ್ಕೆಗಳು ಜೊತೆಯಾಗಿ ಓಡಾಡುತ್ತವೆಯೇ? ಪ್ರೊಫೆಸರರ ಪ್ರಶ್ನೆ ಅದು.

ತೊಡಕೂ ಇತ್ತು. ಪರಮಾಣುವೊಂದು ಪಕ್ಕದ ತುಂಬಿದ ಮನೆಗೆ ನುಗ್ಗಿದರೆ, ಫೋಟೋ ತೆಗೆಯುವಾಗ ಅಲ್ಲಿನ ಎರಡೂ ಹಾರಿಹೋಗಿ, ಎರಡೂ ಮನೆ ಕಪ್ಪಾಗಿಯೇ ಕಾಣುತ್ತವೆ. ಅದಕ್ಕೇ ಅಕ್ಕಪಕ್ಕ ಎರಡು ಚುಕ್ಕೆ ಕಂಡರೆ ಆ ಫೋಟೋ ಅಳಿಸಿಬಿಡಿ ಎಂದು ಆ ಮಹಾನುಭಾವರು ಹೇಳಿದರು. ಬರೀ ಬಾಯಿಮಾತು, ಕಾಗದವಿಲ್ಲ.

ಚಿಕ್ಕಮ್ಮನಿಗೆ ಒಂದು ತಿಂಗಳಲ್ಲೇ ಅನುಮಾನ ಬಂತು.

“ಸರ್, ತಣ್ಣಗೆ ಮಾಡಿದಷ್ಟೂ ಜೋಡಿ ಚುಕ್ಕೆ ಜಾಸ್ತಿ ಆಗ್ತಿವೆ. ಬರೀ ನುಗ್ಗಿದ್ದಾದ್ರೆ ತಣ್ಣಗಾದಷ್ಟೂ ಕಮ್ಮಿ ಆಗ್ಬೇಕಿತ್ತಲ್ವಾ?”

“ನೀವು ಗುರುತು ಹಾಕಿ ಸಾಕು. ಯೋಚನೆ ಮಾಡೋಕೆ ನಾವಿದೀವಿ.”

“ಇನ್ನೂ ಬಾಯಿ ಬಿಟ್ರೆ ಇರೋ ಅನ್ನಕ್ಕೂ ಕಲ್ಲು ಕಣೇ,” ಎಂದಳು ನನ್ನ ಹತ್ತಿರ. ಎರಡು ಸಾವಿರ ಫೋಟೋ ಅಳಿಸಿದಳು. ಚುಕ್ಕೆಗಳು ಒಂಟಿಯಾಗಿಯೇ ಓಡಾಡುತ್ತವೆ ಎಂದು ಪ್ರಬಂಧ ಹೊರಬಂತು.

ಎಂಟು ತಿಂಗಳಿಗೆ ಬೇರೊಂದು ಪ್ರಯೋಗಾಲಯದವರು ಜೋಡಿಗಳನ್ನು ತೋರಿಸಿದರು. ನುಗ್ಗಿದ ಪರಮಾಣುವನ್ನೂ ಖಾಲಿ ಮನೆಯನ್ನೂ ಬೇರೆಬೇರೆಯಾಗಿ ಗುರುತಿಸಲು ಅವರು ದಾರಿ ಕಂಡುಕೊಂಡಿದ್ದರು. ನಮ್ಮವರ ಮಾನ ಹರಾಜಾಯಿತು. ನಿರ್ದೇಶಕರು ವಿಚಾರಣೆಗೆ ಕೂತರು. ಅಳಿಸಿದ್ದು ಯಾರೆಂದು ಕೇಳಿದಾಗ ಪ್ರೊಫೆಸರರು ತಲೆ ಬಗ್ಗಿಸಿ ಮೊಬೈಲು ನೋಡುತ್ತಿದ್ದರಂತೆ. ಆ ಕೋಣೆಯಲ್ಲಿದ್ದ ಪ್ರಯೋಗಾಲಯದ ಐವರಿಗೂ ಸತ್ಯ ಗೊತ್ತಿತ್ತು. ಒಬ್ಬರಾದರೂ ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಇವತ್ತಿಗೂ ಅವರ ಮೇಲೆ ಮೈಯೆಲ್ಲ ಉರಿಯುತ್ತದೆ.

ಚಿಕ್ಕಮ್ಮ ಮಾತ್ರ ಎದ್ದು ನಿಂತು “ನಾನೇ ಸರ್” ಅಂದಳಂತೆ. ವಾರದೊಳಗೆ ಕೆಲಸ ಹೋಯಿತು.

“ಸುಮ್ನೆ ಯಾಕೆ ಒಪ್ಕೊಂಡೆ?” ಎಂದು ರೇಗಿದೆ.

“ಅಳಿಸಿದ್ದು ನಾನೇ ಅಲ್ವೇನೇ. ಹೇಳಿದ್ದು ಯಾರು ಅಂತ ಆಮೇಲೆ ಕೇಳ್ತಾರೆ ಅಂತ ನಿಂತೇ ಇದ್ದೆ. ಕೂತ್ಕೊಳಮ್ಮ, ಮುಗೀತು ಅಂದ್ರು.”