ಅರವತ್ತೆರಡು ಕುರಿಗಳ ಎಣಿಕೆ

ಸಂಜೆಯಾಗುತ್ತಿದ್ದಂತೆ ನನ್ನ ದೊಡ್ಡಮ್ಮನವರ ಎಡಗಣ್ಣಿನ ರೆಪ್ಪೆ ತಾನಾಗಿ ಇಳಿದುಬೀಳುತ್ತಿತ್ತು. ಅದನ್ನು ತೋರುಬೆರಳಿನಿಂದ ಎತ್ತಿ ಹಿಡಿದುಕೊಂಡೇ ಅವರು ಹಟ್ಟಿಗೆ ಮರಳುವ ಕುರಿಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದರು. ತಮಿಳುನಾಡಿನ ಕಂಬೈನಲ್ಲೂರಿನ ಸಮೀಪದ ನಮ್ಮ ಹಳ್ಳಿಯಲ್ಲಿ, ತಾಯಿಯನ್ನು ಕಳೆದುಕೊಂಡ ನನ್ನನ್ನು ಸಾಕಿದವರು ಅವರೇ. ಸದರಿಯವರ ಕುರಿತು ನಾನು ಬಲ್ಲ ಸಂಗತಿಗಳನ್ನು ಓದುಗರ ಅವಗಾಹನೆಗೆ ತರಲು ಈ ಮೂಲಕ ಬಯಸುತ್ತೇನೆ.

ಇದು ಎಪ್ಪತ್ತರ ದಶಕದ ಮಾತು. ಬೆಳಿಗ್ಗೆ ಎಲ್ಲರಂತಿರುತ್ತಿದ್ದ ಅವರಿಗೆ ಹೊತ್ತು ಇಳಿದ ಮೇಲೆ ಮುದ್ದೆ ನುಂಗುವುದೂ ಕಷ್ಟವಾಗುತ್ತಿತ್ತು. "ಕೆಲ್ಸ ಅಂದ್ರೆ ಇವಳ ಕಣ್ಣು ಮುಚ್ಕಂತೈತೆ, ಎಲ್ಲಾ ನಾಟಕ" ಎಂದು ನೆರೆಯವರು ಆಡಿಕೊಂಡರು. ದೊಡ್ಡಾಸ್ಪತ್ರೆಗೆ ಹೋಗುವವರು ದಣಿದಿರಬಾರದೆಂಬುದು ನಮ್ಮಲ್ಲಿನ ರೂಢಿ. ಅದರಂತೆ ಎರಡು ದಿನ ಅವರನ್ನು ಮಲಗಿಸಿ, ಮೊದಲ ಬಸ್ಸಿನಲ್ಲಿ ಸೇಲಂಗೆ ಕರೆದೊಯ್ದೆನು. ದಣಿವಾರಿದ್ದ ಅವರಲ್ಲಿ ವೈದ್ಯರಿಗೆ ಯಾವ ದೋಷವೂ ಕಾಣಲಿಲ್ಲ. ಮನೆಯಲ್ಲಿ ನಿಜವಾಗಿಯೂ ಹೀಗಾಗುವುದೇ ಎಂದು ಅವರು ತಮಿಳಿನಲ್ಲಿ ನನ್ನನ್ನು ಕೇಳಿದಾಗ, ನಾನು ಉತ್ತರಿಸದೆ ನೆಲ ನೋಡಿದೆನು. ದೊಡ್ಡಮ್ಮನವರಿಗೆ ತಮಿಳು ಚೆನ್ನಾಗಿಯೇ ತಿಳಿಯುತ್ತಿತ್ತು.

"ನೀನೂ ನಂಬಾಕಿಲ್ವಾ?" ಎಂದಷ್ಟೇ ಅವರು ಬಸ್ಸಿನಲ್ಲಿ ಕೇಳಿದರು.

ಮತ್ತೊಮ್ಮೆ ಹೊರಟಾಗ ಬಸ್ಸು ಕೆಟ್ಟು, ಬಹುದೂರ ನಡೆದು, ಆಸ್ಪತ್ರೆ ತಲುಪುವಾಗ ಸಂಜೆಯಾಗಿತ್ತು. ಅಂದು ಇದ್ದವರು ಇಂಥ ಬಲಹೀನತೆಯ ಕಾಯಿಲೆಯ ಮೇಲೆ ಸಂಶೋಧನೆ ನಡೆಸುತ್ತಿದ್ದ, ಕನ್ನಡ ಬಲ್ಲ ಬೇರೊಬ್ಬ ಡಾಕ್ಟರು. ನಿಲ್ಲಿಸದೆ ಎಣಿಸಿರೆಂದು ಅವರು ಹೇಳಿದರು.

"ಕುರಿ ಇಲ್ದೆ ಎಂಗೆ ಎಣಿಸ್ಲಿ ಸಾಮಿ?"

"ಬರ್ತಾ ಇವೆ ಅಂದ್ಕೊಳ್ಳಮ್ಮಾ."

ಮೂವತ್ತು ದಾಟುತ್ತಲೇ ದನಿ ಮೂಗಿಗೆ ಏರಿತು. ನಲವತ್ತಕ್ಕೆ ತುಟಿ ಮಾತ್ರ ಅಲುಗಿತು. ಡಾಕ್ಟರು ಸೂಜಿ ಚುಚ್ಚಿ ಕಾದರು. ಸ್ವಲ್ಪ ಹೊತ್ತಿನಲ್ಲಿ ರೆಪ್ಪೆ ಮೇಲೆದ್ದಿತು. ಯಾರೂ ಹೇಳದೆಯೇ ದೊಡ್ಡಮ್ಮ "ನಲವತ್ತೊಂದು" ಎಂದು ಮುಂದುವರಿಸಿ, ಅರವತ್ತೆರಡಕ್ಕೆ ನಿಲ್ಲಿಸಿದರು.

"ಅಷ್ಟೇ ಸಾಮಿ ನಮ್ಮವು."

ದೇಹದ ಕಾವಲೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಇದು, ಈಚೆಗಷ್ಟೇ ತಿಳಿಯುತ್ತಿದೆ ಎಂದು ಡಾಕ್ಟರು ವಿವರಿಸಿದರು.

"ಕಾಯೋ ನಾಯೇ ಕುರಿ ಕಚ್ದಂಗಾ?"

ಡಾಕ್ಟರು ನಕ್ಕು ಹೌದೆಂದರು. ಸಂಶೋಧನೆಗಾಗಿ ಅವರು ರಕ್ತ ಕೇಳಿ, ಅದರಿಂದ ನಿಮಗೆ ಲಾಭವಿಲ್ಲ ಎಂಬುದನ್ನೂ ತಿಳಿಸಿದರು. ನಾನು ಬೇಡವೆಂದೆನು.

"ನೀ ಸುಮ್ಕಿರ್ಲಾ. ನಾಳೀಕೆ ಇನ್ನೊಬ್ಳು ಬಂದ್ರೆ, ನಾಟಕ ಅನ್ನಿಸ್ಕಂಡು ತಿರುಗಿ ಓಗ್ಬಾರ್ದು."

ಮಾತ್ರೆಗಳಿಂದ ಕೆಲವು ವರ್ಷ ಅವರು ಕುರಿಗಳ ಹಿಂದೆ ನಡೆದರು. ಪ್ರತಿ ಭೇಟಿಯಲ್ಲೂ ರಕ್ತ ಕೊಟ್ಟರು. ಸುತ್ತ ನಿಂತ ವೈದ್ಯ ವಿದ್ಯಾರ್ಥಿಗಳನ್ನು "ನೀವೆಲ್ಲ ಉಂಡ್ರಾ?" ಎಂದು ವಿಚಾರಿಸುತ್ತಿದ್ದರು. ಎದೆಯೊಳಗಿನ ಒಂದು ಗ್ರಂಥಿಗೂ ಈ ಕಾಯಿಲೆಗೂ ಸಂಬಂಧವಿದೆಯೆಂದು ಕೇಳಿ, "ಸತ್ತ ಮ್ಯಾಲೆ ಅದು ನಂಗ್ಯಾಕೆ, ತೆಗ್ದು ನೋಡ್ಕಳಿ" ಎಂದು ನನ್ನೆದುರಿಗೇ ಡಾಕ್ಟರಿಗೆ ಹೇಳಿಟ್ಟಿದ್ದರು.

ಒಂದು ಚಳಿಗಾಲ ಜ್ವರ ಬಂದು, ಉಸಿರಾಡುವ ಶಕ್ತಿಯೇ ಸೋತು, ಅದೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಗ್ರಂಥಿಯನ್ನು ತೆಗೆಯಲು ಡಾಕ್ಟರು ಒಪ್ಪಿಗೆ ಪತ್ರ ಹಿಡಿದು ಬಂದರು.

"ಕುಯ್ದ ಹೆಣ ಊರೊಳಕ್ಕೆ ತರ್ಬ್ಯಾಡ, ಮಣ್ಣಿಗೆ ನಾವ್ಯಾರೂ ಬರಾಕಿಲ್ಲ" ಎಂದರು ನೆಂಟರು. "ಅವಳ ಮಾತ ನಮ್ಮೋರಾಗೆ ನೀನೊಬ್ನೇ ಕೇಳಿರೋದು. ನಿಜ ಅಂತ ಯಾರು ನಂಬ್ತಾರೆ?"

"ನಾನು ನಂಬ್ತೀನಿ" ಎಂದು ಪತ್ರವನ್ನು ಪಡೆದು ರುಜು ಮಾಡಿದೆನು. ಮೃತರೊಂದಿಗಿನ ಸಂಬಂಧ ಎಂದಿದ್ದ ಕಡೆ, ಮಗ ಎಂದು ಬರೆದೆನು.