ನಾಡಿ ಎಣಿಸುತ್ತಿದ್ದ ದಲಾಲರು

ಬ್ಯಾಡಗಿ ಮಾರುಕಟ್ಟೆಯ ಒಬ್ಬ ಮೆಣಸಿನಕಾಯಿ ದಲಾಲರಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ಡಾಕ್ಟರು ಹೆದರಿಸಿದ ಮೇಲೆ ದಿನಾ ಮುಂಜಾನೆ ನಡೆದು ಹತ್ತು ಕಿಲೋ ಇಳಿಸಿದ್ದರು. ಆದರೆ ಅದರಿಂದ ಎದೆಬಡಿತ ಇಳಿಯಿತೇ ಎಂದು ನಾಡಿ ಎಣಿಸುತ್ತಿದ್ದುದು ಟೆಂಡರ್ ಹರಾಜಿನ ಗದ್ದಲದಲ್ಲಿ, ಚೀಲದಿಂದ ಚೀಲಕ್ಕೆ ಓಡಾಡಿ, ಘಾಟಿಗೆ ಕೆಮ್ಮುತ್ತ.

"ತೊಂಬತ್ತಾರ್ರೀ! ನಾಳಿಂದ ನಡಿಯೂದ ಬಿಟ್ಟಬಿಡ್ತೇನಿ" ಎಂದರು ಒಮ್ಮೆ, ಪಕ್ಕದ ಅಂಗಡಿಯ ನನ್ನ ಹತ್ತಿರ ಬಂದು.

"ಸಾವಕಾರ್ರ, ಹಸಿ ಕಾಯಿ ತೂಗಿ ಒಣಾ ಕಾಯಿ ಲೆಕ್ಕಾ ಹಿಡೀತೀರೇನು? ಮುಂಜಾನೆ ಎಚ್ಚರಾದಕೂಡ್ಲೆ ಹಾಸಿಗ್ಯಾಗ ಮಲಕೊಂಡ, ಚಾ ಕುಡಿಯೂ ಮೊದ್ಲ ಎಣಸ್ರಿ" ಎಂದೆ.

ಮರುದಿನ ನಸುಕಿನಲ್ಲೇ ಫೋನು. "ಅರವತ್ತೆಂಟ ಐತ್ರಿ! ಎದಿ ನಿಂದರಾಕತ್ತೈತೇನ್ರಿ?"

"ಇಲ್ರಿ. ಮೈಭಾರ ಇಳದೈತಿ, ನಡದ ನಡದ ಎದಿ ಗಟ್ಟಿಯಾಗೈತಿ. ಈಗ ಕಡಿಮಿ ಬಡದ್ರೂ ಅದಕ್ಕ ಸಾಕಾಗತೈತಿ."

ಅತ್ತಲಿಂದ ಕದ ತೆರೆದ ಸದ್ದು. "ಫೋನ್ ಇಡ್ರಿ ಮಾರಾಯ್ರ, ಮಾತ್ನಾಗ ನನ್ನ ನಡಿಯೂ ಹೊತ್ತ ಹೊಂಟೈತಿ!"