ಸೊಸೆ ರವಾನೆಯಾದ ದಿನ

ನಮ್ಮ ಗೌಡಗೆರೆ ಕಡೆ ಆಂಬುಲೆನ್ಸ್ ಓಡಿಸುವವನೊಬ್ಬನಿದ್ದ. ಮೊದಲು ಕಡಲೆಕಾಯಿ ಲಾರಿ ಓಡಿಸಿದವನು. ಗಾಡಿ ಹೊರಡುವಾಗ ಬಾಗಿಲಿಗೆ ಅಂಗೈ ಬಡಿದು ‘ರವಾನೆ!’ ಅನ್ನುತ್ತಿದ್ದ. ಮೂಟೆಗೂ ಅದೇ ಮಾತು, ಮನುಷ್ಯರಿಗೂ ಅದೇ. ನಮ್ಮ ಮನೆಯಲ್ಲಿ ಮಾತ್ರ ಯಾರಾದರೂ ರವಾನೆಯಾದರು ಅಂದರೆ ಸತ್ತರು ಅಂತಲೇ ಅರ್ಥ.

ನನ್ನ ಸೊಸೆಗೆ ಹೆರಿಗೆ ನೋವಿನ ಜೊತೆ ರಕ್ತ ಹೋಗತೊಡಗಿತು. ಶಿರಾಕ್ಕೆ ಕರೆದೊಯ್ಯಿರಿ ಅಂದರು ನರ್ಸಮ್ಮ. ಅವಳನ್ನು ಅವನ ಗಾಡಿಯಲ್ಲಿ ಮಲಗಿಸುತ್ತಿರುವಾಗಲೇ ವಳ್ಳೂರಿನ ಸೋಲಾರ್ ಕೆಲಸದಲ್ಲಿದ್ದ ಮಗನ ಫೋನು ಬಂತು. ನನ್ನ ಎರಡು ಕೈಯೂ ಅವಳನ್ನು ಹಿಡಿದಿದ್ದವು. ನನ್ನ ಫೋನನ್ನು ಡ್ರೈವರನೇ ಎತ್ತಿದ.

‘ನಿಮ್ಮನೆಯವ್ರು ಈಗ ರವಾನೆ ಆದ್ರು ಕಣಣ್ಣ.’

ಮಗ ಗೋಳೋ ಎಂದು ಅತ್ತದ್ದು ನನಗೂ ಕೇಳಿಸಿತು.

‘ಲೇ, ನಿನ್ ಬಾಯಿಗೆ ಮಣ್ಣಾಕ! ಬದುಕವ್ಳೆ ಅನ್ಲಾ!’ ಎಂದು ಕಿರುಚಿದೆ.

ಅವನು ಫೋನನ್ನು ಸೊಸೆಯ ಬಾಯಿಗೇ ಹಿಡಿದ.

‘ಅಳ್ಬ್ಯಾಡಿ, ಬದ್ಕಿವ್ನಿ,’ ಅಂದಳು ಅವಳು.

ಈ ಸಲ ಬಾಗಿಲು ಬಡಿಯದೆಯೇ ಅವನು ಗಾಡಿಯನ್ನು ಶಿರಾ ಮುಟ್ಟಿಸಿದ. ಆಸ್ಪತ್ರೆ ಬಾಗಿಲಲ್ಲಿ ನನ್ನ ಜೊತೆಯೇ ಕುಕ್ಕರಗಾಲಲ್ಲಿ ಕೂತಿದ್ದ. ಒಳಗಿನಿಂದ ಕೂಸು ಅತ್ತಿತು, ತಾಯಿಯೂ ಉಳಿದಳು ಅಂತ ಡಾಕ್ಟರು ಬಂದು ಹೇಳಿದರು. ಡ್ರೈವರನ ಬಳಿಯೇ ಉಳಿದಿದ್ದ ನನ್ನ ಫೋನು ಮತ್ತೆ ಹೊಡೆದುಕೊಂಡಿತು, ಮಗನದೇ. ಡ್ರೈವರು ಅದನ್ನು ಎತ್ತದೆ ನನ್ನ ಮುಖ ನೋಡಿದ.

‘ಏನಂತ ಹೇಳ್ಲಮ್ಮ?’

‘ಹೆತ್ತವ್ಳೆ ಅನ್ನು. ಅದ್ರ ಮ್ಯಾಲೆ ಒಂದ್ ಮಾತೂ ಆಡ್ಬ್ಯಾಡ.’